ಹೆಗಲ ಮೇಲಿನ ಬಿಳಿ ಹೆಜ್ಜೆ

ಏಪ್ರಿಲ್ 13, ಭಾನುವಾರ

ಕೆಳಗೆ ನಿಲ್ಲುವ ನಮ್ಮ ಕಂಬಕ್ಕೆ ಮಾವನ ಆಶೀರ್ವಾದ.

ಈ ತಿಂಗಳ ಐದನೆಯ ತಾರೀಕು, ಚಿತ್ರೀಕರಣದ ದಿನ, ನೀನೊಂದು ತಪ್ಪು ಮಾಡಿದ್ದೀಯ. ನಿನ್ನೆ ಸಂಜೆ ಅದನ್ನು ನಾಡಿಗೆ ನಾಡೇ ಟಿ.ವಿ.ಯ ಪ್ರತಿಭಾ ಸ್ಪರ್ಧೆಯಲ್ಲಿ ನೋಡಿತು. ನಿನ್ನ ತಂಗಿ ಗುಬ್ಬಿಯನ್ನು ಒಂದೇ ದಿನ ಮೂರನೆಯ ಸಲ ಹೆಗಲಿಗೆ ಏರಿಸಿದೆ. ಗುಬ್ಬಿ ಬಿದ್ದಳು.

ಮೊದಲ ಪ್ರಯತ್ನದಲ್ಲೇ ಬಿದ್ದಳೆಂದು ನಿರೂಪಕ ಹೇಳಿದ, ಊರು ನಂಬಿತು. ನಾನು ನಂಬಲಿಲ್ಲ. ಅವಳು ಏರುವ ಮೊದಲು ಕ್ಯಾಮೆರಾ ಒಂದು ಕ್ಷಣ ನಿನ್ನ ಬೆನ್ನ ಹಿಂದಿನಿಂದ ಹಾದುಹೋಯಿತು. ನಿನ್ನ ಕಪ್ಪು ಅಂಗಿಯ ಎರಡೂ ಹೆಗಲ ಮೇಲೆ ಸೀಮೆಸುಣ್ಣದ ಪುಡಿಯ ಎರಡೆರಡು ಹೆಜ್ಜೆಗುರುತು, ಒಂದರ ಪಕ್ಕಕ್ಕೆ ಇನ್ನೊಂದು. ಅಂಗಾಲಿಗೆ ಪುಡಿ ಹಚ್ಚಿಕೊಂಡು ಏರುವುದನ್ನು, ಬಿದ್ದ ಗುರುತನ್ನು ದಿನ ಮುಗಿಯುವ ತನಕ ಒರೆಸದೆ ಬಿಡುವುದನ್ನು ನಿಮಗೆ ಕಲಿಸಿದವನೇ ನಾನು. ನಾನು ಸರ್ಕಸ್ಸಿನಲ್ಲಿ ಕೆಳಗೆ ನಿಲ್ಲುತ್ತಿದ್ದ ಕಾಲದಿಂದ ಅದೇ ನಮ್ಮ ಲೆಕ್ಕ. ಒಂದು ಸಲ ಏರಿದರೆ ಹೆಗಲಿಗೊಂದು ಹೆಜ್ಜೆ, ಎರಡು ಹೆಜ್ಜೆ ಬಿತ್ತೆಂದರೆ ಆ ದಿನಕ್ಕೆ ಆ ಹೆಗಲು ಮುಗಿಯಿತು. ಯಾಕೆಂದರೆ ಮನಸ್ಸಿಗೆ ತಿಳಿಯುವ ಮೊದಲೇ ಮಂಡಿ ಸೋತಿರುತ್ತದೆ.

ಅಂದರೆ ನೀವು ವೇದಿಕೆಗೆ ಬರುವ ಮುಂಚೆ ಎಲ್ಲೋ ಮೂಲೆಯಲ್ಲಿ ಎರಡು ಸಲ ಅಭ್ಯಾಸ ಮಾಡಿಕೊಂಡಿರಿ. ಹೆದರಿಕೆಗೋ ಆಸೆಗೋ ನಿನಗೇ ಗೊತ್ತು. ಆಮೇಲೆ ಆ ತೀರ್ಪುಗಾರ ಹೇಳಿದ್ದು ಕೇಳಿಸಿತಲ್ಲ? ‘ಈ ಮಕ್ಕಳಿಗೆ ಇದನ್ನ ಕಲಿಸಿದ ಮನುಷ್ಯ ಯಾರ್ರೀ? ಮೊದಲು ಅವನನ್ನ ಒಳಗೆ ಹಾಕ್ಬೇಕು!’ ನೀನು ತಲೆ ತಗ್ಗಿಸಿ ನಿಂತಿದ್ದೆ.

ಇಲ್ಲಿ ಎಲ್ಲ ಕ್ಷೇಮ. ಅಂಗಳಕ್ಕೆ ಕಲಿಯಲು ಬರುತ್ತಿದ್ದ ಮಕ್ಕಳಿಗೆ ಪರೀಕ್ಷೆಯಂತೆ, ಆದ್ದರಿಂದ ನನಗೆ ರಜೆ. ನಿಮ್ಮಮ್ಮ ಎಂದಿನಂತೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಿದ್ದಾಳೆ. ಕಾರ್ಯಕ್ರಮದವರು ತಮ್ಮ ವಸತಿಗೆ ಸೇರಿಸಿಕೊಳ್ಳುವಾಗಲೇ ನಿಮ್ಮ ಫೋನು ಕಿತ್ತುಕೊಂಡರಲ್ಲ, ಕಾಗದವನ್ನಾದರೂ ಬರಿ. ಗುಬ್ಬಿಗೆ ಪೆಟ್ಟಾಯಿತೆ?

ಮಾವ


ಏಪ್ರಿಲ್ 18

ಮಾವನಿಗೆ ಕಂಬದ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನೀವು ಬರೆದಿದ್ದೆಲ್ಲ ಸರಿ. ತಪ್ಪು ನನ್ನದೇ.

ಇಲ್ಲಿ ನಮ್ಮನ್ನು ತುಂಬ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ. ಹಾಸಿಗೆ ಮೆತ್ತಗಿದೆ. ಹಾಡುವವರು ಗಂಟಲು ಕೆಡುತ್ತದೆಂದು ಇಡೀ ದಿನ ಮಾತಾಡುವುದಿಲ್ಲ. ಉಪ್ಪು ಬೇಕಾದರೂ ಚೀಟಿಯಲ್ಲಿ ಬರೆದು ತೋರಿಸುತ್ತಾರೆ. ಜಾದೂ ಮಾಡುವ ಹುಡುಗಿ ತನ್ನ ಪಾರಿವಾಳವನ್ನು ಬಚ್ಚಲುಮನೆಯಲ್ಲಿ ಇಟ್ಟಿದ್ದಾಳೆ. ಮುಖ ತೊಳೆಯಲು ಹೋದರೆ ಅದು ಥೇಟ್ ತೀರ್ಪುಗಾರರ ಹಾಗೆ ಕತ್ತು ಓರೆ ಮಾಡಿ ನೋಡುತ್ತದೆ. ಮುಂದಿನ ಸುತ್ತಿಗೆ ಹೋಗುವವರ ನಂಬರುಗಳನ್ನು ಕೂಗುವ ದಿನ ಒಬ್ಬ ಡ್ಯಾನ್ಸರ್ ಬೆಳಿಗ್ಗೆಯೇ ವಾಂತಿ ಮಾಡುತ್ತಾನೆ. ಯಾರೂ ನಗುವುದಿಲ್ಲ.

ಒಳ್ಳೆಯ ಸುದ್ದಿಯೆಂದರೆ, ನಮ್ಮನ್ನು ‘ಎರಡನೇ ಅವಕಾಶ’ದ ಸುತ್ತಿಗೆ ಆರಿಸಿದ್ದಾರೆ. ಮೇ ಹದಿನಾಲ್ಕಕ್ಕೆ ಚಿತ್ರೀಕರಣ. ಗುಬ್ಬಿಗೆ ಅಂಥದ್ದೇನೂ ಆಗಿಲ್ಲ. ಕುಣಿದಾಡುತ್ತಿದ್ದಾಳೆ. ಕಾಗದ ಬರೆಯಲು ಮಾತ್ರ ಸೋಮಾರಿತನ.

ಅಮ್ಮ ಸಮಯಕ್ಕೆ ಊಟ ಮಾಡುತ್ತಾಳೆಯೆ?

ಕಂಬ


ಏಪ್ರಿಲ್ 22

ಕಂಬಕ್ಕೆ,

ಎರಡನೇ ಅವಕಾಶವಂತೆ, ಕುಣಿದಾಟವಂತೆ! ಮೆತ್ತನೆಯ ಹಾಸಿಗೆ ನಿನ್ನ ನಾಲಿಗೆಯನ್ನೂ ಮೆತ್ತಗೆ ಮಾಡಿತೆ? ಐದು ವರ್ಷದವಳಿದ್ದಾಗ ‘ಸೂರ್ಯ ಮುಳುಗಲ್ಲ ಮಾವಾ, ಬಚ್ಚಿಟ್ಕೊಳ್ತಾನೆ’ ಎಂದು ಒಂದು ಸಂಜೆಯಿಡೀ ನನ್ನೊಂದಿಗೆ ವಾದ ಮಾಡಿದವಳು ನೀನು. ‘ನೀವು ಬರೆದಿದ್ದೆಲ್ಲ ಸರಿ’ ಎನ್ನುವ ಕಂಬ ನನಗೆ ಪರಿಚಯವಿಲ್ಲ.

ಸರ್ಕಸ್ಸು ಮುಚ್ಚಿದ ಮೇಲೆ ಗ್ರಂಥಾಲಯದಲ್ಲಿ ಪುಸ್ತಕ ಎತ್ತಿಡುವ ಕೆಲಸ ಮಾಡಿದೆ, ಎತ್ತಿಟ್ಟಿದ್ದನ್ನೆಲ್ಲ ಓದಿದೆ. ನ್ಯಾಯ ಎಂದರೇನೆಂದು ದಪ್ಪ ದಪ್ಪ ಗ್ರಂಥಗಳಿದ್ದವು. ನಮ್ಮ ಡೇರೆಯ ಒಂದು ಕಟ್ಟಳೆಗಿಂತ ಹೆಚ್ಚಿನದು ಅವುಗಳಲ್ಲಿ ನನಗೆ ಸಿಗಲಿಲ್ಲ. ಆಟಗಾರ ಬಿದ್ದರೆ, ಮಾರನೆಯ ದಿನದ ಆಟ ಶುರುವಾಗುವ ಮೊದಲು ಮಾಲೀಕನೇ ಕಣದ ನಡುವೆ ಬಂದು ನಿಲ್ಲಬೇಕು. ನಿನ್ನೆ ಬಿದ್ದದ್ದು ಯಾರ ತಪ್ಪಿನಿಂದ ಎಂದು ಟಿಕೆಟ್ ಕೊಂಡು ಬಂದವರಿಗೆ ಹೇಳಬೇಕು. ಹಗ್ಗ ಹಳೆಯದಾಗಿದ್ದರೆ ಹಗ್ಗ ಹಳೆಯದು ಎಂದೇ ಹೇಳಬೇಕು. ಆಟಗಾರನ ಹೆಸರು ಕೆಟ್ಟರೆ ಅವನನ್ನು ನಂಬಿ ಮುಂದೆ ಯಾರೂ ಕೈ ನೀಡುವುದಿಲ್ಲ, ಅದಕ್ಕೆ. ನಮ್ಮ ಮಾಲೀಕ ಆನೆಗೆ ಹಾಕುವ ಹುಲ್ಲನ್ನೂ ಎಣಿಸುವಂಥ ಜಿಪುಣ. ಅವನು ಕೂಡ ಆ ಕಟ್ಟಳೆ ಮುರಿಯಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಬಿದ್ದದ್ದು ಯಾರ ತಪ್ಪಿನಿಂದ ಎಂದು ಆ ವೇದಿಕೆಯ ಮೇಲೆ ನೀನಾದರೂ ಹೇಳಿದೆಯಾ?

ಗುಬ್ಬಿ ಬೀಳುವಾಗ ಬಲಗೈ ಮೈಯಡಿಗೆ ಹೋದದ್ದು ಕಂಡೆ. ಅಂದಿನಿಂದ ಅದೇ ಕಣ್ಣ ಮುಂದೆ ಬರುತ್ತದೆ. ಅವಳ ಕೈಯಿಂದಲೇ ಎರಡು ಸಾಲು ಬರೆಸಿ ಕಳಿಸು.

ಮಾವ


ಏಪ್ರಿಲ್ 27

ಮಾವನಿಗೆ ನಮಸ್ಕಾರಗಳು. ನಾವು ಆರಾಮಾಗಿದ್ದೇವೆ. ಕೆಳಗಿನದು ಗುಬ್ಬಿ ಬರೆದದ್ದು. ಅಕ್ಷರ ನೋಡಿ ನಗಬೇಡಿ, ವ್ಯಾನಿನಲ್ಲಿ ಕುಳಿತು ಬರೆದಿದ್ದಾಳೆ. ಕಂಬ.

ಮಾವಾ ನಾನು ಚೆನ್ನಾಗಿದೀನಿ. ಮತ್ತೆ ಹತ್ತುತೀನಿ. ಈ ಸಲ ಬೀಳಲ್ಲ. ನೀವು ಅಕ್ಕನ್ನ ಬೈಬೇಡಿ. ಗುಬ್ಬಿ.


ಏಪ್ರಿಲ್ 30

ಕಂಬಕ್ಕೆ,

ಓಡುವ ವ್ಯಾನಿನಲ್ಲಿ ಬರೆದ ಅಕ್ಷರ ಮೇಲೆ ಕೆಳಗೆ ಕುಣಿಯುತ್ತದೆ. ಇವು ಕುಣಿದಿಲ್ಲ. ಕೊಡೆ ಹಿಡಿಯಲು ಬಾರದವನ ಕೊಡೆಯಂತೆ ಎಲ್ಲವೂ ಒಂದೇ ಕಡೆಗೆ ವಾಲಿವೆ. ಬರೆದದ್ದರ ಮೇಲೆಯೇ ಅಂಗೈ ಎಳೆದು ಶಾಯಿ ಮೆತ್ತಿಕೊಂಡಿದೆ. ಇದು ಎಡಗೈ.

ಬಲಗೈಗೆ ಏನಾಗಿದೆ?

ನಿಮ್ಮಮ್ಮ ಕಾರ್ಯಕ್ರಮದ ಕಚೇರಿಗೆ ದಿನಾ ಫೋನ್ ಮಾಡುತ್ತಾಳೆ. ‘ಮಕ್ಕಳು ಪ್ರಾಕ್ಟೀಸಲ್ಲಿದ್ದಾರೆ ಮೇಡಂ’ ಎಂದು ದಿನಾ ಅದೇ ಧ್ವನಿ ಹೇಳುತ್ತದೆ. ಬೈಯುವುದಿಲ್ಲ. ಏನಾಗಿದೆ ಅಷ್ಟು ಹೇಳು.

ಮಾವ


ಮೇ 3

ಮಾವಾ,

ಇದು ನಿಜವಾದ ಕಾಗದ. ಉಡುಪು ಹೊಲಿಯುವ ಅಕ್ಕ ಇದನ್ನು ತಮ್ಮ ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋಗಿ ಹೊರಗಿನ ಅಂಚೆ ಡಬ್ಬಕ್ಕೆ ಹಾಕುತ್ತಾರೆ. ಈವರೆಗೆ ನಾನು ಬರೆದದ್ದನ್ನೆಲ್ಲ ಇಲ್ಲಿನ ಮೇಲ್ವಿಚಾರಕಿ ಓದಿದ ಮೇಲೆಯೇ ಅಂಟಿಸಿ ಕಳಿಸಿದ್ದು. ನಿಮ್ಮ ಕಾಗದಗಳನ್ನೂ ಒಡೆದು ಓದಿಯೇ ನಮಗೆ ಕೊಡುತ್ತಾರೆ. ಉತ್ತರ ಬರೆಯುವಾಗ ಇದು ನೆನಪಿರಲಿ.

ಗುಬ್ಬಿಯ ಬಲ ಮಣಿಕಟ್ಟು ಮುರಿದಿದೆ. ಆರು ವಾರ ಪ್ಲಾಸ್ಟರ್. ಆಮೇಲೂ ಮೂರು ತಿಂಗಳು ಆ ಕೈ ಮೇಲೆ ಭಾರ ಬೀಳಬಾರದು ಅಂದಿದ್ದಾರೆ ಡಾಕ್ಟರು. ಅಮ್ಮನಿಗೆ ಮೆಲ್ಲಗೆ ಹೇಳಿ.

ನಾವು ಮೂಲೆಯಲ್ಲಿ ಅಭ್ಯಾಸ ಮಾಡಲಿಲ್ಲ. ಆ ಎರಡು ಸಲವೂ ವೇದಿಕೆಯ ಮೇಲೆಯೇ, ಅದೇ ದೀಪಗಳ ಕೆಳಗೆ, ಅದೇ ಜನರ ಮುಂದೆ. ಮೊದಲ ಸಲ ಗುಬ್ಬಿ ಏರಿದಳು, ಕೈ ಬಿಟ್ಟಳು, ಒಂದು ಕಾಲೆತ್ತಿದಳು. ಮಂಚದ ಮೇಲೆ ನಿಂತ ಹಾಗೆ ನಿಂತಳು. ಜನ ಎದ್ದು ಚಪ್ಪಾಳೆ ತಟ್ಟಿದರು. ಆಗ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ವೇದಿಕೆ ನೋಡಿಕೊಳ್ಳುವವರು ಓಡಿ ಬಂದರು. ‘ಸೂಪರ್ ಮಾ! ಇನ್ನೊಂದ್ಸಲ ಮಾಡ್ಬಿಡಿ, ಹತ್ತಿರದಿಂದ ಒಂದು ಶಾಟ್ ಬೇಕು.’ ಮಾಡಿದೆವು. ಅದೂ ಆಯಿತು. ಮತ್ತೆ ಬಂದರು. ‘ಚಿಕ್ಕವಳ ಮುಖದ ಮೇಲೆ ನೆರಳು ಬಿತ್ತಂತೆ. ಇನ್ನೊಂದೇ ಒಂದು.’

‘ಆಗಲ್ಲ ಸಾರ್. ಎರಡು ಹೆಜ್ಜೆ ಬಿದ್ದಿದೆ. ಇವತ್ತಿಗೆ ಮುಗೀತು.’

‘ಯಾರು ಹೇಳಿದ್ದು?’

‘ನಮ್ಮ ಮಾವ.’

‘ನಿಮ್ಮ ಮಾವನ ಕಾನೂನು ನಿಮ್ಮ ಮನೇಲಿಟ್ಕೊಳ್ಳಿ ಮಾ. ಈ ಜಾಗಕ್ಕೆ ಹೊರಗೆ ಆರುನೂರು ಜನ ಕ್ಯೂ ನಿಂತಿದ್ದಾರೆ.’

ಗುಬ್ಬಿ ನನ್ನ ಅಂಗಿ ಜಗ್ಗಿದಳು. ‘ಹೂಂ ಅನ್ನೇ ಅಕ್ಕಾ. ನಂಗೇನೂ ಸುಸ್ತಾಗಿಲ್ಲ.’

ಸುಸ್ತಾಗಿದ್ದು ನನ್ನ ಮಂಡಿಗೆ. ಹೂಂ ಅಂದೆ.

ಮೇಕಪ್ಪಿನವರು ಒದ್ದೆ ಬಟ್ಟೆ ತಂದು ಹೆಗಲು ಒರೆಸಲು ಬಂದರು. ಅದನ್ನು ಮಾತ್ರ ಬಿಡಲಿಲ್ಲ. ಇದು ಟಿ.ವಿ.ಯಲ್ಲಿ ಬರುತ್ತದೆ, ಮಾವ ಬೇರೆಯವರ ಹಾಗೆ ಮುಖ ನೋಡುವುದಿಲ್ಲ, ಹೆಗಲು ನೋಡುತ್ತಾರೆ, ನೋಡಿದರೆ ಅವರಿಗೆ ಎಲ್ಲ ತಿಳಿಯುತ್ತದೆ ಅಂದುಕೊಂಡೆ. ನೀವು ನೋಡಿದಿರಿ ಮಾವಾ. ನೋಡಿ ನನ್ನನ್ನೇ ಬೈದಿರಿ.

‘ಒಳಗೆ ಹಾಕ್ಬೇಕು’ ಅಂದರಲ್ಲ ಆ ತೀರ್ಪುಗಾರರು, ಗುಬ್ಬಿ ಬಿದ್ದಾಗ ಅವರು ಕುರ್ಚಿಯಲ್ಲೇ ಇರಲಿಲ್ಲ, ಊಟಕ್ಕೆ ಹೋಗಿದ್ದರು. ಮಾರನೆಯ ದಿನ ಖಾಲಿ ವೇದಿಕೆ ನೋಡಿಕೊಂಡು ಆ ಮಾತು ಹೇಳಿದರಂತೆ. ನಾನು ತಲೆ ತಗ್ಗಿಸಿದ್ದು ಇನ್ನೊಂದು ದಿನ, ಎದೆಗೆ ನಂಬರ್ ಚುಚ್ಚುವಾಗ. ಪಿನ್ನು ನೋಡುತ್ತಿದ್ದೆ. ಎರಡನ್ನೂ ಜೋಡಿಸಿ ತೋರಿಸಿದ್ದಾರೆ.

ಈಗ ಹದಿನಾಲ್ಕಕ್ಕೆ ಮತ್ತೆ ಏರಬೇಕಂತೆ. ಪ್ಲಾಸ್ಟರ್ ಬಿಚ್ಚಿಸಿ ಬಿಳಿ ಪಟ್ಟಿ ಸುತ್ತುತ್ತಾರಂತೆ. ‘ಪಟ್ಟಿ ಎದ್ದು ಕಾಣ್ಬೇಕು, ಜನ ಅಳ್ಬೇಕು’ ಅಂದರು. ಬಲಗೈ ಹಿಡಿದೇ ಅವಳನ್ನು ಮೇಲೆ ಎಳೆದುಕೊಳ್ಳಬೇಕು, ನಿಮಗೆ ಗೊತ್ತು. ನಾನು ಬೇಡ ಅಂದರೆ ಗುಬ್ಬಿ ಅಳುತ್ತಾಳೆ. ಬಿದ್ದವಳು ಅನ್ನಿಸಿಕೊಂಡು ಶಾಲೆಗೆ ಹೋಗುವುದಿಲ್ಲವಂತೆ. ಮೇಲ್ವಿಚಾರಕಿ ಅವಳೊಬ್ಬಳನ್ನೇ ಕರೆದು ಮತ್ತೆ ಏರಲೇಬೇಕೆಂದು ತಲೆ ತುಂಬಿದ್ದಾರೆ. ಅವಳು ಓಡಿ ಬಂದು ಕಾಲಿಟ್ಟರೆ ನಾನು ನಿಲ್ಲಲೇಬೇಕು, ಸರಿದರೆ ಬಿದ್ದೇ ಬೀಳುತ್ತಾಳೆ. ಅತ್ತ ದರಿ, ಇತ್ತ ಪುಲಿ.

ನಾನು ಏನು ಮಾಡಲಿ?

ಕಂಬ


ಮೇ 7

ಪ್ರೀತಿಯ ಕಂಬಕ್ಕೆ ಆಶೀರ್ವಾದಗಳು.

ನಿನ್ನ ಕಾಗದಗಳನ್ನು ಓದಿ ಬಹಳ ಸಂತೋಷವಾಯಿತು. ಕಾರ್ಯಕ್ರಮದವರು ನಿಮ್ಮನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರುವುದು ನಮ್ಮ ಭಾಗ್ಯ. ಹಿಂದೆ ನಾನು ಸಿಟ್ಟಿನಲ್ಲಿ ಏನೇನೋ ಬರೆದೆ. ಕಣ್ಣಿಗೆ ಕಂಡದ್ದು ಸರಿಯಾಗಿತ್ತು, ತಲೆ ಅರ್ಥ ಮಾಡಿಕೊಂಡದ್ದು ತಪ್ಪಾಗಿತ್ತು. ಆ ಮಾತುಗಳನ್ನೆಲ್ಲ ಹರಿದು ಹಾಕು, ಮಗಳೇ.

ನಿಮ್ಮಮ್ಮ ರಜೆ ಹಾಕಿದ್ದಾಳೆ. ಎರಡು ದಿನದ ರೈಲು ಹಿಡಿದು ಹದಿಮೂರಕ್ಕೆ ಅಲ್ಲಿಗೆ ಬರುತ್ತಾಳೆ, ಮಕ್ಕಳ ಆಟವನ್ನು ಕಣ್ಣಾರೆ ನೋಡಬೇಕಂತೆ. ಒಳಗೆ ಬಿಡದಿದ್ದರೆ ಗೇಟಿನ ಹತ್ತಿರವೇ ಕೂತಿರುತ್ತಾಳೆ. ನನಗೆ ಮಂಡಿ ನೋವು, ಬರಲಾಗದು.

ನಿಮ್ಮ ಮನಸ್ಸು ಹಗುರಾಗಲಿ ಎಂದು ಒಂದು ಹಳೆಯ ತಮಾಷೆ ಬರೆಯುತ್ತೇನೆ. ನನಗಿಂತ ಮೊದಲು ನಮ್ಮ ಸರ್ಕಸ್ಸಿನಲ್ಲಿ ಕೆಳಗೆ ನಿಲ್ಲುತ್ತಿದ್ದವರನ್ನು ದೊಡ್ಡಣ್ಣ ಎನ್ನುತ್ತಿದ್ದೆವು. ಒಂದು ದಿನ ಅವರ ಮೇಲೆ ಏರಬೇಕಾದ ಹುಡುಗನಿಗೆ ಕೆಂಡದಂಥ ಜ್ವರ. ಹುಡುಗ ‘ಏರ್ತೀನಿ’ ಅಂದ, ಮಾಲೀಕನೂ ‘ಏರ್ಲಿ’ ಅಂದ. ಬ್ಯಾಂಡು ಶುರುವಾಯಿತು. ದೊಡ್ಡಣ್ಣ ಗಂಭೀರವಾಗಿ ಕಣದ ನಡುವೆ ಬಂದರು, ಜನರಿಗೆ ಕೈ ಮುಗಿದರು, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು! ಮಾಲೀಕ ಕಣ್ಣು ಕೆಕ್ಕರಿಸಿದ. ಬ್ಯಾಂಡಿನವರು ಅದೇ ಮಟ್ಟನ್ನು ತಿರುತಿರುಗಿ ಬಾರಿಸಿ ಉಸಿರು ಕಳೆದುಕೊಂಡರು. ಜಪ್ಪಯ್ಯ ಅಂದರೂ ದೊಡ್ಡಣ್ಣ ಏಳಲಿಲ್ಲ. ಆಮೇಲೆ ನನಗೆ ಹೇಳಿದರು: ‘ಮೇಲಿನೋನು ಬೇಡ ಅಂದ್ರೆ ಹೆದರಿದ ಅಂತಾರೆ ಕಣೋ. ಕೆಳಗಿನೋನು ಕೂತ್ರೆ ಯಾರೇನು ಮಾಡ್ತಾರೆ? ಕೂತೋನ ಹೆಗಲ ಮೇಲೆ ಆಟ ಇಲ್ಲ.’

ಯಾಕೋ ನೆನಪಾಯಿತು. ಗುಬ್ಬಿಗೆ ಈಗಲೇ ಹೇಳಬೇಡ, ಆಟ ಮುಗಿದ ಮೇಲೆ ಹೇಳು, ನಗುತ್ತಾಳೆ.

ಮಾವ


ಮೇ 15

ಮಾವಾ,

ಕೂತೆ.

ರೈಲ್ವೇ ಸ್ಟೇಷನ್ನಿನ ಎದುರಿನ ಲಾಡ್ಜಿನಿಂದ ಬರೆಯುತ್ತಿದ್ದೇನೆ. ಅಮ್ಮ ಸ್ನಾನ ಮಾಡುತ್ತಿದ್ದಾಳೆ. ಗುಬ್ಬಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಫೋನು ಇನ್ನೂ ಅವರ ಬಳಿಯೇ ಇದೆ. ಅಮ್ಮನ ಫೋನಿನಲ್ಲಿ ನಿಮ್ಮ ಜೊತೆ ಮಾತಾಡಬಹುದಿತ್ತು, ಆದರೆ ಇದನ್ನು ಬಾಯಲ್ಲಿ ಹೇಳಲು ಹೊರಟರೆ ಅಳು ಬರುತ್ತದೆ.

ನಿನ್ನೆ ಬೆಳಿಗ್ಗೆ ಪ್ಲಾಸ್ಟರ್ ಬಿಚ್ಚಿಸಿಯೇ ಬಿಟ್ಟರು. ಒಳಗಿನ ಕೈ ಕಡ್ಡಿಯಂತಾಗಿತ್ತು. ಅದರ ಮೇಲೆ ಬಿಳಿ ಪಟ್ಟಿ ಸುತ್ತಿ, ಸಾಲದೆಂದು ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟರು. ದೀಪ ಹತ್ತಿತು, ಸಂಗೀತ ಬಂತು. ನಾನು ನಡುವೆ ಹೋಗಿ ನಿಂತೆ. ಹಿಂದಿನಿಂದ ಗುಬ್ಬಿ ಅಂಗಾಲಿಗೆ ಪುಡಿ ತಟ್ಟಿಕೊಳ್ಳುವ ಸದ್ದು ಕೇಳಿಸಿತು. ಆ ಸದ್ದು ಕೇಳಿದರೆ ನನ್ನ ಮಂಡಿ ತಾನಾಗಿಯೇ ಬಿಗಿಯಾಗುತ್ತದೆ, ನೀವು ಹಾಗೆ ಕಲಿಸಿದ್ದೀರಿ. ನಿನ್ನೆ ಅದನ್ನು ಮಡಿಸುವಾಗ ಆದಷ್ಟು ಕಷ್ಟ ಯಾವತ್ತೂ ಯಾವುದನ್ನು ಮಾಡುವಾಗಲೂ ಆಗಿರಲಿಲ್ಲ. ಕೈ ಮುಗಿದೆ, ಕೂತೆ.

ಗುಬ್ಬಿ ಓಡಿ ಬಂದವಳು ಹಾಗೇ ನಿಂತಳು. ‘ಏಳೇ ಅಕ್ಕಾ! ಎಲ್ರೂ ನೋಡ್ತಿದ್ದಾರೆ. ಎದ್ದೇಳೇ!’

ನಾನು ಜನರ ಕಡೆ ನೋಡಿ ಹೇಳಿದೆ: ‘ಅವತ್ತು ನನ್ನ ತಂಗಿ ಎರಡು ಸಲ ನಿಂತಿದ್ಲು. ಮೂರನೇ ಸಲ ಇವರು ಹತ್ತಿಸಿದ್ರು. ನಮ್ಮ ಮಾವ ನಮಗೆ ಎರಡೇ ಸಾಕು ಅಂತ ಕಲಿಸಿದ್ದಾರೆ.’ ಕೊನೆಯ ಮಾತು ಮುಗಿಯುವಷ್ಟರಲ್ಲಿ ಮೈಕು ಸತ್ತಿತ್ತು. ಆದರೆ ಮುಂದಿನ ಸಾಲುಗಳಲ್ಲಿದ್ದವರಿಗೆ ಕೇಳಿಸಿರಬೇಕು. ಒಬ್ಬ ಹೆಂಗಸು ‘ಅಯ್ಯೋ’ ಅಂದದ್ದು ನನಗೇ ಕೇಳಿಸಿತು.

ಆಮೇಲೆ ಬಹಳ ಕೂಗಾಡಿದರು. ಅಮ್ಮ ಹಿಂದಿನ ದಿನದಿಂದ ಗೇಟಿನಲ್ಲಿದ್ದಳು. ನಮ್ಮನ್ನು ಅಲ್ಲಿಗೇ ತಂದು ಬಿಟ್ಟರು. ಗುಬ್ಬಿ ನನಗೆ ಹೇಳಿದ ಕೊನೆಯ ಮಾತು, ‘ನೀನು ಕಂಬ ಅಲ್ಲ, ಕೂರೋ ಮಣೆ!’ ಆಸ್ಪತ್ರೆಯಲ್ಲಿ ಮತ್ತೆ ಪ್ಲಾಸ್ಟರ್ ಹಾಕಿಸಿದೆವು. ಮೂಳೆ ಜರುಗಿಲ್ಲವಂತೆ. ಅಮ್ಮ ಬೆಂಚಿನ ಮೇಲೆ ಕೂತು ಅತ್ತಳು.

ಅಮ್ಮ ಇನ್ನೊಂದು ವಿಷಯ ಹೇಳಿದಳು. ಅಂಗಳದ ಮಕ್ಕಳಿಗೆ ಪರೀಕ್ಷೆ ಇರಲಿಲ್ಲವಂತೆ. ಆ ತೀರ್ಪುಗಾರರ ಮಾತು ಕೇಳಿ ಅಪ್ಪ ಅಮ್ಮಂದಿರೇ ಬಿಡಿಸಿಕೊಂಡರಂತೆ. ನೀವೂ ನನಗೆ ಎಲ್ಲ ಬರೆಯಲಿಲ್ಲ.

ಶನಿವಾರ ಏನು ತೋರಿಸುತ್ತಾರೋ ಎಂದು ನನಗೆ ಭಯ. ಗುಬ್ಬಿಗೂ ಅದೇ ಭಯ, ಗೋಡೆ ನೋಡುತ್ತಾ ನಿದ್ದೆ ಮಾಡುತ್ತಿಲ್ಲ.

ಕಂಬ


ಮೇ 20

ಕಾರ್ಯಕ್ರಮದ ಮುಖ್ಯಸ್ಥರಿಗೆ, ಮತ್ತು ಪತ್ರಿಕೆಯ ಸಂಪಾದಕರಿಗೆ ಪ್ರಕಟಣೆಗಾಗಿ.

ನಾನು ಆ ಅಕ್ಕತಂಗಿಯರ ಸೋದರಮಾವ. ನಿಮ್ಮ ತೀರ್ಪುಗಾರರು ಒಳಗೆ ಹಾಕಬೇಕು ಎಂದರಲ್ಲ, ಆ ಮನುಷ್ಯ. ದೊಡ್ಡವಳು ಓದಿ, ನಾನು ಬರೆದಿದ್ದ ನಾಲ್ಕು ಬೈಗುಳಗಳನ್ನು ಹೊಡೆದುಹಾಕಿದ ಮೇಲೆ ಇದನ್ನು ಕಳಿಸುತ್ತಿದ್ದೇನೆ.

ಮೊನ್ನೆ ಶನಿವಾರ ನೀವು ತೋರಿಸಿದ್ದು ಇಷ್ಟು: ಬಿಳಿ ಪಟ್ಟಿ ಸುತ್ತಿದ ಕೈ, ಅದಕ್ಕೆ ಶೋಕದ ಸಂಗೀತ, ನೆಲದ ಮೇಲೆ ಕೂತ ಅಕ್ಕ, ಅಳುತ್ತಿರುವ ತಂಗಿ. ‘ಭಯದಿಂದ ಹಿಂದೆ ಸರಿದರು’ ಎಂದ ನಿಮ್ಮ ನಿರೂಪಕ. ದೊಡ್ಡವಳ ತುಟಿ ಅಲುಗಾಡುತ್ತಿತ್ತು, ಮಾತು ಇರಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನೀವು ಮೊದಲು ಒರೆಸಿದ್ದು ಆ ಮಕ್ಕಳ ಬಾಯಿಗೆ, ಆಮೇಲೆ ನನ್ನ ಬಾಯಿಗೆ. ನನ್ನ ಅಂಗಳ ಇವತ್ತಿಗೂ ಖಾಲಿ. ಅದು ಹಾಗೇ ಇರಲಿ, ನನಗೆ ವಯಸ್ಸಾಯಿತು. ಹದಿಮೂರು ವರ್ಷದ ಗುಬ್ಬಿ ರಜೆಯ ವಿಶೇಷ ತರಗತಿಗೆಂದು ಶಾಲೆಯ ಗೇಟಿನವರೆಗೆ ಹೋಗಿ ಎರಡು ದಿನದಿಂದ ವಾಪಸ್ ಬರುತ್ತಿದ್ದಾಳೆ. ಅದನ್ನು ನಾನು ಹಾಗೇ ಬಿಡಲಾರೆ.

ಕೈ ಮುರಿದದ್ದಕ್ಕೆ ಔಷಧವಿದೆ. ಎರಡು ಸಲ ನಿಂತವಳನ್ನು ಒಂದು ಸಲವೂ ನಿಲ್ಲದವಳೆಂದು ತೋರಿಸಿದ್ದಕ್ಕೆ ಔಷಧ ನಿಮ್ಮ ಬಳಿ ಮಾತ್ರ ಇದೆ. ಅವಳು ನಿಂತ ಆ ಎರಡೂ ಚಿತ್ರಗಳನ್ನು ನೀವು ತೆಗೆದಿದ್ದೀರಿ. ಕಳೆದುಹೋಗಿವೆ ಎನ್ನಬೇಡಿ. ಏಪ್ರಿಲ್ ಹನ್ನೆರಡರಂದು ನೀವೇ ತೋರಿಸಿದ್ದನ್ನು, ತಂಗಿ ಏರುವ ಮುಂಚಿನ ಕ್ಷಣಕ್ಕೆ ನಿಲ್ಲಿಸಿ ನೋಡಿ. ಅಕ್ಕನ ಹೆಗಲ ಮೇಲೆ ಪುಡಿಯ ಹೆಜ್ಜೆಗಳಿವೆ. ಮೊದಲ ಸಲ ಏರುವವಳ ಹೆಜ್ಜೆ ಏರುವ ಮೊದಲೇ ಅಲ್ಲಿ ಬಂದದ್ದು ಹೇಗೆ? ನಾನೂ ಆ ಗುರುತನ್ನು ತಪ್ಪಾಗಿ ಓದಿ ಆ ಮಗುವನ್ನೇ ಬೈದೆ. ಬೈದ ಕಾಗದಕ್ಕೆ ಪ್ರತಿಯಾಗಿ ಕ್ಷಮೆಯನ್ನೂ ಕಾಗದದಲ್ಲೇ ಕೇಳಿದ್ದೇನೆ. ನೀವು ಬೈದದ್ದು ನಾಡಿನ ಮುಂದೆ.

ಡೇರೆ ಹರಿದ ಒಂದು ಬಡ ಸರ್ಕಸ್ಸಿನ ಜಿಪುಣ ಮಾಲೀಕ, ಆಟಗಾರ ಬಿದ್ದ ಮಾರನೆಯ ದಿನ ಕಣದ ನಡುವೆ ನಿಂತು, ಬಿದ್ದದ್ದು ಯಾರ ತಪ್ಪಿನಿಂದ ಎಂದು ಜನರಿಗೆ ಹೇಳುತ್ತಿದ್ದ. ಅವನಿಗೆ ಅಷ್ಟು ಮಾನವಿತ್ತು. ನಿಮ್ಮ ದೀಪಗಳು ಅವನ ದೀಪಗಳಿಗಿಂತ ದೊಡ್ಡವು.

ನನಗೆ ಖಾಸಗಿ ಉತ್ತರ ಬೇಡ, ಕವರಿನಲ್ಲಿ ವಿಷಾದ ಬೇಡ. ಮುಂದಿನ ಶನಿವಾರ ಸಂಜೆ ನಿಮ್ಮ ಕಾರ್ಯಕ್ರಮ ಶುರುವಾಗುವ ಮೊದಲು, ಅದೇ ವೇದಿಕೆಯ ಮೇಲೆ, ಅದೇ ಜನರ ಮುಂದೆ ಆ ಎರಡು ಚಿತ್ರಗಳನ್ನು ತೋರಿಸಿ. ಈ ಹುಡುಗಿ ಎರಡು ಸಲ ನಿಂತಳು, ಮೂರನೆಯ ಸಲ ನಾವು ಹತ್ತಿಸಿದೆವು ಎಂದು ಹೇಳಿ. ನಮ್ಮ ಮನೆಯಲ್ಲಿ ನಾಲ್ವರೂ ಟಿ.ವಿ. ಮುಂದೆ ಕೂತಿರುತ್ತೇವೆ.

ನಿಮ್ಮಲ್ಲಿ ಯಾರು ಬಂದು ನಿಲ್ಲುತ್ತೀರಿ?